ದಾರಿಯ ಹಕ್ಕು, ನೀರಿನ ಹಕ್ಕು, ನೆರೆಯವರ ಹಕ್ಕು

(ಜುಮುಅ ಖುತ್ಬಾದ ಸಾರಾಂಶ)

ಸಮಸ್ತ ಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ.

ಪ್ರೀತಿಯ ಸಹೋದರರೇ,

ಎಲ್ಲಕ್ಕಿಂತ ಮೊದಲು ನಿಮಗೂ ನಮಗೂ ತಕ್ವಾದ ಉಪದೇಶ ಮಾಡುತ್ತೇವೆ. ತಕ್ವಾ ಎಂದರೆ ಮಸೀದಿಯ ಒಳಗೆ ಮಾತ್ರ ಇರುವ ಭಯಭಕ್ತಿಯಲ್ಲ. ಚಪ್ಪಲಿ ಮೆಟ್ಟಿ ಗಲ್ಲಿಗೆ ಇಳಿದ ಮೇಲೂ ಅಲ್ಲಾಹನು ನೋಡುತ್ತಿದ್ದಾನೆ ಎಂಬ ಎಚ್ಚರವೇ ತಕ್ವಾ. ಇಂದು ನಾವು ಆ ಗಲ್ಲಿಯ ಬಗ್ಗೆಯೇ ಮಾತಾಡುತ್ತೇವೆ. ನಾವು ಬದುಕುತ್ತಿರುವ ಈ ಬೆಂಗಳೂರು ನಗರದ ಬಗ್ಗೆ, ಅದರಲ್ಲಿ ನಾವು ಇತರರಿಗೆ ಸಲ್ಲಿಸಬೇಕಾದ ಹಕ್ಕುಗಳ ಬಗ್ಗೆ ಮಾತಾಡುತ್ತೇವೆ.

2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷ. 2011ರಲ್ಲಿ ಅದು 96 ಲಕ್ಷವಾಯಿತು. ಹತ್ತೇ ವರ್ಷದಲ್ಲಿ 30 ಲಕ್ಷ ಜನ ಹೆಚ್ಚಾದರು. ಆ ನಂತರವೂ ನಗರ ನಿಂತಿಲ್ಲ. 2007ರಲ್ಲಿ ಸುತ್ತಲಿನ ನಗರಸಭೆಗಳ ಜೊತೆ 110 ಹಳ್ಳಿಗಳು ನಗರದೊಳಕ್ಕೆ ಸೇರಿದವು. ಅಂದು ರಾಗಿ ಹೊಲವಾಗಿದ್ದ ಕಡೆ ಇಂದು ಐದಂತಸ್ತಿನ ಕಟ್ಟಡಗಳಿವೆ. ಊರು ಬೆಳೆಯುವುದು ಕೆಟ್ಟದ್ದಲ್ಲ. ಅನ್ನ ಇದ್ದಲ್ಲಿಗೆ ಜನ ಬರುತ್ತಾರೆ, ಅನ್ನ ಕೊಡುವವನು ಅಲ್ಲಾಹನು. ಆದರೆ ಇಷ್ಟು ಜನ ಇಷ್ಟು ಒತ್ತಾಗಿ ಬದುಕುವಾಗ ಒಬ್ಬನ ಅನುಕೂಲ ಇನ್ನೊಬ್ಬನ ಕಷ್ಟವಾಗಿ ಬಿಡುತ್ತದೆ. ಆ ಗಡಿ ಎಲ್ಲಿದೆ ಎಂದು ತೋರಿಸುವುದೇ ಶರೀಅತ್ತಿನ ಕೆಲಸ.

‘ರಸ್ತೆ, ನೀರು, ಚರಂಡಿ ಇವೆಲ್ಲ ಸರಕಾರದ ಕೆಲಸ. ಮಿಂಬರಿನ ಮೇಲೆ ಇದೇಕೆ?’ ಎಂದು ಯಾರಾದರೂ ಕೇಳಬಹುದು. ಸರಕಾರದ ಕೆಲಸ ಸರಕಾರ ಮಾಡಲೇಬೇಕು, ಮಾಡದಿದ್ದರೆ ನಾವು ಕೇಳಲೇಬೇಕು. ಆದರೆ ಪ್ರವಾದಿ(ಸ)ರ ಮದೀನಾ ಕೂಡ ಇದ್ದಕ್ಕಿದ್ದಂತೆ ಬೆಳೆದ ಊರಾಗಿತ್ತು ಎಂಬುದನ್ನು ನಾವು ಮರೆಯಬಾರದು. ಮಕ್ಕಾದಿಂದ ಮನೆಮಠ ಬಿಟ್ಟು ಬಂದವರು, ಬೇರೆ ಬೇರೆ ಕಬೀಲೆಗಳಿಂದ ಬಂದವರು, ಮಲಗಲು ಜಾಗವಿಲ್ಲದೆ ಮಸೀದಿಯ ಸುಫ್ಫಾದಲ್ಲಿ ತಂಗಿದವರು, ಎಲ್ಲರೂ ಅಲ್ಲಿದ್ದರು. ಅಲ್ಲಿ ಪ್ರವಾದಿ(ಸ) ಮೊದಮೊದಲು ಮಾಡಿದ ಕೆಲಸಗಳನ್ನು ನೋಡಿರಿ. ಮಸೀದಿ ಕಟ್ಟಿದರು. ಮುಹಾಜಿರ್ ಮತ್ತು ಅನ್ಸಾರ್‌ಗಳ ನಡುವೆ ಸಹೋದರತ್ವ ಬೆಸೆದರು. ಯಹೂದಿಯರೂ ಸೇರಿದಂತೆ ಊರಿನ ಎಲ್ಲ ಕಬೀಲೆಗಳ ನಡುವೆ ಒಡಂಬಡಿಕೆ ಬರೆಸಿದರು. ಮಾರುಕಟ್ಟೆಗೆ ಜಾಗ ಗೊತ್ತುಮಾಡಿ, ಅದನ್ನು ಯಾರೂ ಕಿರಿದುಗೊಳಿಸಬಾರದು, ಅಲ್ಲಿ ಸುಂಕ ಹಾಕಬಾರದು ಎಂದು ಹೇಳಿದರೆಂದು ಇಬ್ನು ಮಾಜಾದಲ್ಲಿ ಇದೆ. ಮಸೀದಿ, ನೆರೆ, ಒಪ್ಪಂದ, ಮಾರುಕಟ್ಟೆ. ಒಂದು ಊರು ಬದುಕಲು ಯೋಗ್ಯವಾಗುವುದು ಈ ನಾಲ್ಕರಿಂದಲೇ.

ಅವರ ನಂತರ ಉಮರ್(ರ)ರ ಕಾಲದಲ್ಲಿ, ಹಿಜರಿ 17ರಲ್ಲಿ, ಇರಾಕಿನಲ್ಲಿ ಕೂಫಾ ನಗರವನ್ನು ಹೊಸದಾಗಿ ಕಟ್ಟಲಾಯಿತು. ಚರಿತ್ರೆಕಾರ ತಬರೀ ಅದರ ವಿವರ ಬರೆದಿದ್ದಾರೆ. ಮಸೀದಿಯ ಜಾಗ ಗುರುತಿಸಿ ಅದರ ಸುತ್ತ ಬಯಲು ಬಿಟ್ಟರು. ದೊಡ್ಡ ರಸ್ತೆಗಳಿಗೆ 40 ಮೊಳ ಅಗಲ, ಅದಕ್ಕಿಂತ ಚಿಕ್ಕವಕ್ಕೆ 30 ಮತ್ತು 20 ಮೊಳ, ಗಲ್ಲಿಗಳಿಗೆ 7 ಮೊಳ. ಮನೆ ಕಟ್ಟುವ ಮೊದಲೇ ದಾರಿ ಬಿಟ್ಟರು. ನಮ್ಮ ಹೊಸ ಬಡಾವಣೆಗಳಲ್ಲಿ ಎಷ್ಟೋ ಕಡೆ ಮೊದಲು ಮನೆ ಏಳುತ್ತದೆ, ಉಳಿದ ಸಂದಿಗೆ ರಸ್ತೆ ಎಂದು ಹೆಸರಿಡುತ್ತಾರೆ. ಆ ಸಂದಿಯಲ್ಲಿ ಆಂಬುಲೆನ್ಸ್ ತಿರುಗುವುದಿಲ್ಲ, ಜನಾಝಾ ಹೊತ್ತವರು ಅಡ್ಡಡ್ಡ ನಡೆಯಬೇಕಾಗುತ್ತದೆ.

ಇನ್ನು ಮೂರು ಹಕ್ಕುಗಳ ಬಗ್ಗೆ ಹೇಳುತ್ತೇವೆ.

ಮೊದಲನೆಯದು ದಾರಿಯ ಹಕ್ಕು

ದಾರಿಯ ವಿಷಯದಲ್ಲಿ ಜಗಳ ಬಂದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ) ತೀರ್ಪು ಕೊಟ್ಟಿದ್ದಾರೆ (ಬುಖಾರಿ, ಮುಸ್ಲಿಮ್). ಒಂದು ಮೊಳ ಸುಮಾರು ಒಂದೂವರೆ ಅಡಿ. ಅಂದರೆ ಹತ್ತು ಅಡಿಗಿಂತ ಕಡಿಮೆಯಾಗಬಾರದು. ಆಗ ಕಾರು, ಲಾರಿ ಇರಲಿಲ್ಲ. ಸರಕು ಹೊತ್ತ ಒಂಟೆ ಬರುತ್ತದೆ, ಎದುರಿನಿಂದ ಮನುಷ್ಯ ಬರುತ್ತಾನೆ, ಇಬ್ಬರಿಗೂ ಜಾಗ ಬೇಕು. ಇಷ್ಟು ಸಣ್ಣ ವಿಷಯವೆಂದು ನಾವು ತಿಳಿದದ್ದನ್ನು ಅಲ್ಲಾಹನ ರಸೂಲರು(ಸ) ಅಳತೆ ಹಾಕಿ ಹೇಳಿದರು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಈಮಾನಿನ ಶಾಖೆಗಳಲ್ಲಿ ಒಂದೆಂದು ಎಣಿಸಿದರು. ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿದ ಒಬ್ಬನನ್ನು ಅಲ್ಲಾಹನು ಅಷ್ಟಕ್ಕೇ ಕ್ಷಮಿಸಿದನೆಂದು ತಿಳಿಸಿದರು. ಜನ ನಡೆಯುವ ದಾರಿಯಲ್ಲೂ ಕೂರುವ ನೆರಳಿನಲ್ಲೂ ಹೊಲಸು ಮಾಡುವುದು ಶಾಪ ತರುವ ಕೆಲಸವೆಂದು ಎಚ್ಚರಿಸಿದರು.

ಈಗ ಅಬ್ದುಲ್ಲಾಹ್ ಇಬ್ನು ಉಮ್ಮಿ ಮಕ್ತೂಮ್(ರ)ರನ್ನು ನೆನೆಯೋಣ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮನೆಯಲ್ಲೇ ನಮಾಝ್ ಮಾಡಲು ಅನುಮತಿ ಕೇಳಿದರು. ಅಝಾನ್ ಕೇಳಿಸುತ್ತದೆಯೇ ಎಂದು ಪ್ರವಾದಿ(ಸ) ಕೇಳಿದರು. ಕೇಳಿಸುತ್ತದೆ ಎಂದಾಗ, ಹಾಗಾದರೆ ಬರಬೇಕು ಎಂದರು. ಆ ಕುರುಡ ಸಹಾಬಿ ಕೋಲು ಹಿಡಿದು ಮದೀನಾದ ಗಲ್ಲಿಯಲ್ಲಿ ಮಸೀದಿಗೆ ಬರಬಲ್ಲವರಾಗಿದ್ದರು. ಇಂದು ನಮ್ಮ ಮೊಹಲ್ಲಾದಲ್ಲಿ ಕಣ್ಣು ಕಾಣದ ಒಬ್ಬ ಅಝಾನ್ ಕೇಳಿ ಮನೆಯಿಂದ ಹೊರಟರೆ ಅವನ ಕೋಲಿಗೆ ಏನೇನು ತಾಗುತ್ತದೆ? ಫುಟ್‌ಪಾತಿಗೆ ಏರಿಸಿ ನಿಲ್ಲಿಸಿದ ಬೈಕು. ಅಂಗಡಿಯವರು ಹೊರಗಿಟ್ಟ ಗ್ಯಾಸ್ ಸಿಲಿಂಡರ್. ಕಟ್ಟಡದವರು ಸುರಿದ ಜಲ್ಲಿ, ಮರಳು. ಮನೆಯಿಂದ ಗಲ್ಲಿಗೆ ಇಳಿಸಿದ ಮೆಟ್ಟಿಲು. ಕಲ್ಲುಚಪ್ಪಡಿ ಎದ್ದು ಬಾಯಿ ತೆರೆದ ಚರಂಡಿ. ಇವುಗಳಲ್ಲಿ ಪಾಲಿಕೆಯವರು ಬಿಟ್ಟದ್ದು ಎಷ್ಟು, ನಮ್ಮವರು ಇಟ್ಟದ್ದು ಎಷ್ಟು? ಎಣಿಸಿ ನೋಡಿರಿ. ಕಣ್ಣಿಲ್ಲದವನಿಗಷ್ಟೇ ಅಲ್ಲ, ಮಂಡಿನೋವಿನ ಅಜ್ಜಿಗೆ, ಬಸುರಿ ಹೆಣ್ಣುಮಗಳಿಗೆ, ಬ್ಯಾಗು ಹೊತ್ತು ಮದ್ರಸಕ್ಕೆ ಹೋಗುವ ಮಗುವಿಗೆ ಫುಟ್‌ಪಾತ್ ಇಲ್ಲದಿದ್ದರೆ ಅವರು ನಡೆಯುವುದು ಬಸ್ಸು, ಲಾರಿಗಳ ನಡುವೆ.

ಒಬ್ಬರ ಒಂದು ಗೇಣು ಭೂಮಿಯನ್ನು ಅನ್ಯಾಯವಾಗಿ ಕಿತ್ತುಕೊಂಡವನ ಕೊರಳಿಗೆ ಅಂತ್ಯದಿನದಲ್ಲಿ ಏಳು ಭೂಮಿಗಳ ನೊಗ ಬೀಳುತ್ತದೆ ಎಂಬ ಹದೀಸ್ ನಮಗೆಲ್ಲ ಗೊತ್ತು. ಅದನ್ನು ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ನಾವು ಹೇಳುತ್ತೇವೆ. ಒಬ್ಬನ ಗೇಣು ಭೂಮಿಗೆ ಇಷ್ಟು ಶಿಕ್ಷೆಯಾದರೆ, ಸಾವಿರ ಜನ ನಡೆಯುವ ದಾರಿಯ ಎರಡು ಅಡಿಗೆ ಎಷ್ಟು? ಒಬ್ಬನಿಂದ ಕಿತ್ತುಕೊಂಡಿದ್ದರೆ ಅವನ ಮನೆಗೆ ಹೋಗಿ ಮಾಫಿ ಕೇಳಬಹುದು. ದಾರಿಯಿಂದ ಕಿತ್ತುಕೊಂಡರೆ ಯಾರ ಮನೆಗೆ ಹೋಗುವುದು? ರಾಜಕಾಲುವೆಯ ವಿಷಯವೂ ಇದೇ. ಅದು ನೀರಿನ ದಾರಿ. ಅದನ್ನು ಒತ್ತಿ ಗೋಡೆ ಎಬ್ಬಿಸಿದರೆ, ಕಟ್ಟಡ ಒಡೆದ ಮಣ್ಣನ್ನು ರಾತ್ರೋರಾತ್ರಿ ಅದಕ್ಕೆ ಸುರಿದರೆ, ಮಳೆ ಬಂದಾಗ ನೀರು ತಗ್ಗಿನಲ್ಲಿರುವ ಬಡವನ ಮನೆಗೆ ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ಶ್ರೀಮಂತರ ಬಡಾವಣೆಗಳೇ ಮುಳುಗಿ, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ. ತಳ್ಳುಗಾಡಿಯ ಬಡ ವ್ಯಾಪಾರಿಯನ್ನು ಓಡಿಸಬೇಕೆಂದು ನಾವು ಹೇಳುತ್ತಿಲ್ಲ. ಒಳಗೆ ವಿಶಾಲವಾದ ಅಂಗಡಿ ಇದ್ದೂ ಸರಕನ್ನು ಫುಟ್‌ಪಾತಿಗೆ ಹರಡುವವನು ಬೇರೆ, ಬಾಳೆಹಣ್ಣಿನ ಗಾಡಿ ಬಿಟ್ಟರೆ ಬೇರೆ ಬದುಕಿಲ್ಲದವನು ಬೇರೆ. ಮದೀನಾದ ಮಾರುಕಟ್ಟೆಯಲ್ಲಿ ಮೊದಲು ಬಂದವನಿಗೆ ಆ ದಿನದ ಮಟ್ಟಿಗೆ ಜಾಗ, ಯಾರಿಗೂ ಶಾಶ್ವತ ಹಿಡಿತವಿಲ್ಲ ಎಂಬ ಪದ್ಧತಿ ಇತ್ತು. ನಮ್ಮ ದೇಶದಲ್ಲೂ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದೆ. ವ್ಯಾಪಾರಿಗಳ ಸಮೀಕ್ಷೆ ಮಾಡಬೇಕು, ಗುರುತಿನ ಪತ್ರ ಕೊಡಬೇಕು, ಜಾಗ ಗೊತ್ತುಮಾಡಬೇಕು, ಸಮೀಕ್ಷೆ ಮುಗಿಯುವ ತನಕ ಎಬ್ಬಿಸಬಾರದು ಎಂದು ಅದು ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ನಮ್ಮಲ್ಲಿ ಎಷ್ಟೋ ಕುಟುಂಬಗಳ ಒಲೆ ಈ ಗಾಡಿಗಳಿಂದಲೇ ಉರಿಯುತ್ತದೆ. ಓದಿದ ಯುವಕರು ಅವರ ಅರ್ಜಿ ತುಂಬಿಸಿ ಗುರುತಿನ ಪತ್ರ ಕೊಡಿಸಿದರೆ ಅದು ದೊಡ್ಡ ಸದಕಾ. ಗಾಡಿಯವರು ಕೂಡ ನಡೆಯುವವರಿಗೆ ಜಾಗ ಬಿಟ್ಟು ನಿಲ್ಲಲಿ.

ಜುಮುಅದ ದಿನದ ಪಾರ್ಕಿಂಗ್ ಬಗ್ಗೆಯೂ ಹೇಳಲೇಬೇಕು. ಒಂದು ಯುದ್ಧಯಾತ್ರೆಯಲ್ಲಿ ಜನ ಬಿಡಾರ ಹೂಡಿ ಜಾಗ ಇಕ್ಕಟ್ಟಾಗಿಸಿದಾಗ, ದಾರಿ ಕಟ್ಟಿದರು. ಹಾಗೆ ದಾರಿ ಕಟ್ಟಿದವನಿಗೆ ಜಿಹಾದಿನ ಪ್ರತಿಫಲವೇ ಇಲ್ಲವೆಂದು ಪ್ರವಾದಿ(ಸ) ಸಾರಿಸಿದರು (ಅಬೂದಾವೂದ್). ಅಷ್ಟು ದೊಡ್ಡ ಇಬಾದತ್ತಿನ ನಡುವೆಯೇ ಈ ಎಚ್ಚರಿಕೆ ಬಂತೆಂದರೆ, ಪಕ್ಕದ ಮನೆಯವರ ಗೇಟಿಗೆ ಅಡ್ಡ ಕಾರು ನಿಲ್ಲಿಸಿ ಒಳಗೆ ಬಂದು ಮೊದಲ ಸಫ್ಫಿನಲ್ಲಿ ಕೂರುವವರು ಯೋಚಿಸಬೇಕು. ಆ ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂದು ಆಟೋ ಹೊರಡಲಾಗದಿದ್ದರೆ, ನಮ್ಮ ಎರಡು ರಕಅತ್ ಏನು ಉತ್ತರ ಕೊಡುತ್ತದೆ?

ಎರಡನೆಯದು ನೀರಿನ ಹಕ್ಕು

ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಡುತ್ತದೆ. ನಗರ ಎತ್ತರದಲ್ಲಿರುವುದರಿಂದ ಅದನ್ನು ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಬೇಕು. ಪ್ರತಿ ಬಿಂದಿಗೆಯ ಹಿಂದೆ ವಿದ್ಯುತ್ತಿನ ಖರ್ಚಿದೆ. ಅದೇ ನದಿಯ ನೀರಿಗಾಗಿ ಮಂಡ್ಯದ ರೈತ ನಾಲೆಯ ಕಡೆ ನೋಡುತ್ತಾ ಕೂತಿರುತ್ತಾನೆ. ನಮ್ಮ ನಲ್ಲಿಯಲ್ಲಿ ಅವನಿಗೂ ಪಾಲಿದೆ.

2024ರ ಬೇಸಗೆ ನಮಗೆ ನೆನಪಿದೆ. ಸಾವಿರಾರು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಆರಂಭವಾಯಿತು. ಆ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಒಳ್ಳೆಯದೇ. ಆದರೆ ನಗರ ಹೀಗೇ ಬೆಳೆದರೆ ಕಾವೇರಿ ಎಷ್ಟು ಹಂತಗಳನ್ನು ಕೊಡಬಲ್ಲಳು? ಈ ಊರಿಗೆ ತನ್ನದೇ ಆದ ಕೆರೆಗಳಿದ್ದವು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ. ಉಳಿದ ಬೆಳ್ಳಂದೂರು ಕೆರೆಗೆ ಕೊಳಚೆ ತುಂಬಿ, ನೀರಿನ ಮೇಲೆಯೇ ಬೆಂಕಿ ಹತ್ತಿದ್ದನ್ನು ಜಗತ್ತೇ ನೋಡಿತು.

ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಅನಸ್(ರ) ತಿಳಿಸಿದ್ದಾರೆ. ಅದು ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲೀಟರಿನಷ್ಟು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಮಾತಾಡುತ್ತಾ ವುಝೂ ಮಾಡಿದರೆ ಐದು ಲೀಟರ್ ಸುಲಭವಾಗಿ ಹೋಗುತ್ತದೆ. ಜುಮುಅಕ್ಕೆ 500 ಜನ ಬಂದರೆ 2,500 ಲೀಟರ್. ಹತ್ತಿರದ ವಠಾರದಲ್ಲಿ ಆ ಹೊತ್ತಿಗೆ ಹೆಂಗಸರು ಟ್ಯಾಂಕರಿಗಾಗಿ ಬಿಂದಿಗೆ ಸಾಲು ಇಟ್ಟು ಕಾಯುತ್ತಿದ್ದರೆ, ನಮ್ಮ ವುಝೂ ನಮ್ಮ ವಿರುದ್ಧ ಸಾಕ್ಷಿಯಾಗಬಾರದು.

ವುಝೂ ಮಾಡಿದ ನೀರಿನಿಂದ ಮತ್ತೆ ವುಝೂ ಮಾಡಲಾಗದು ಎಂಬುದು ಹನಫೀ ಮತ್ತು ಶಾಫಿಈ ಫಿಕ್‌ಹ್‌ನ ಮಾತು. ಆದರೆ ಅದು ನಜಸ್ ಅಲ್ಲ. ಅದನ್ನು ಗಿಡಗಳಿಗೆ ಬಿಡಬಹುದು, ಅಂಗಳ ತೊಳೆಯಬಹುದು. ಅದಕ್ಕೊಂದು ಬೇರೆ ಪೈಪು ಹಾಕಿಸಿದರೆ ಮಸೀದಿಯ ಅಂಗಳದಲ್ಲಿ ನಾಲ್ಕು ಮರ ಬೆಳೆಯುತ್ತವೆ. ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾವುದು ತಿಂದರೂ ನೆಟ್ಟವನಿಗೆ ಸದಕಾದ ಪುಣ್ಯವಿದೆ.

ಮಳೆ ನೀರಿನ ಲೆಕ್ಕವನ್ನೂ ಕೇಳಿರಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. 30×40ರ ಒಂದು ಸೈಟಿನ ಮೇಲೆ ಬೀಳುವ ನೀರೇ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್. ಈ ಅಳತೆಯ ಹೊಸ ಮನೆಗಳಿಗೂ 60×40ರ ಹಳೆಯ ಮನೆಗಳಿಗೂ ಮಳೆ ನೀರು ಸಂಗ್ರಹ ಕಡ್ಡಾಯ. ಕೆಲವರು ಜಲಮಂಡಳಿಯವರಿಗೆ ತೋರಿಸಲು ಒಂದು ಪೈಪು ನಿಲ್ಲಿಸಿ ಸುಮ್ಮನಾಗುತ್ತಾರೆ. ಅಲ್ಲಾಹನು ಆಕಾಶದಿಂದ ಇಳಿಸಿದ ಶುದ್ಧ ನೀರನ್ನು ಚರಂಡಿಗೆ ಬಿಟ್ಟು, ಮರುದಿನ ಟ್ಯಾಂಕರಿಗೆ ಫೋನ್ ಮಾಡುವುದು ಎಂಥ ಕೃತಘ್ನತೆ! ತಾಯಿ ತೀರಿಕೊಂಡಾಗ ಅವರಿಗಾಗಿ ಯಾವ ಸದಕಾ ಉತ್ತಮವೆಂದು ಸಅದ್ ಬಿನ್ ಉಬಾದಾ(ರ) ಕೇಳಿದರು. ನೀರು ಎಂದರು ಪ್ರವಾದಿ(ಸ). ಅವರು ಬಾವಿ ತೋಡಿಸಿದರು. ಉಸ್ಮಾನ್(ರ) ರೂಮಾ ಬಾವಿಯನ್ನು ಹಣ ಕೊಟ್ಟು ಕೊಂಡು ಜನರಿಗೆ ಬಿಟ್ಟುಕೊಟ್ಟರು. ತಂದೆತಾಯಿಯ ಹೆಸರಿನಲ್ಲಿ ನಲವತ್ತನೆಯ ದಿನ ಬಿರಿಯಾನಿ ಹಂಚಲು ಖರ್ಚು ಮಾಡುವ ಹಣದಲ್ಲಿ, ಮೊಹಲ್ಲಾದಲ್ಲಿ ಒಂದು ಇಂಗುಗುಂಡಿ ತೋಡಿಸಿರಿ. ಮಳೆ ಬಂದಾಗಲೆಲ್ಲ ಅವರಿಗೆ ಪುಣ್ಯ ತಲುಪಲಿ.

ಮೂರನೆಯದು ನೆರೆಯವರ ಹಕ್ಕು

ಬೆಳೆಯುವ ನಗರವೆಂದರೆ ಹೊಸಬರ ನಗರ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಬಿಹಾರ, ಬಂಗಾಳ, ಅಸ್ಸಾಮಿನಿಂದ ಬಂದವರು ನಮ್ಮ ಸುತ್ತ ಇದ್ದಾರೆ. ನಾವು ಹೋಗುವ ಕಟ್ಟಡಗಳನ್ನು ಕಟ್ಟಿದವರು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ನಮ್ಮ ಕಸ ಎತ್ತುವ ಪೌರಕಾರ್ಮಿಕ ತಾಯಂದಿರಿಗೆ ಕುಡಿಯಲು ನೀರು ಕೇಳಲೂ ಸಂಕೋಚ.

ಮದೀನಾಕ್ಕೆ ಬರಿಗೈಯಲ್ಲಿ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಅದ್ ಬಿನ್ ರಬೀಅ್(ರ) ತನ್ನ ಸಂಪತ್ತಿನ ಅರ್ಧ ಕೊಡಲು ಮುಂದಾದರು. ಅವರು ದುಆ ಮಾಡಿ, ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕು ಎಂದರು. ಹೊಸಬನು ಕೇಳುವುದು ಅಷ್ಟೇ, ದುಡಿಯಲು ದಾರಿ, ಇರಲು ಮನೆ. ಆದರೆ ಬಾಡಿಗೆ ಮನೆ ಕೇಳಲು ಹೋದಾಗ ಹೆಸರು ಕೇಳಿ ‘ಮನೆ ಆಗಲೇ ಹೋಯ್ತು’ ಎನ್ನುವುದನ್ನು ನಮ್ಮಲ್ಲಿ ಬಹಳ ಮಂದಿ ಅನುಭವಿಸಿದ್ದಾರೆ. ಆ ನೋವು ನಮಗೆ ಗೊತ್ತು. ಗೊತ್ತಿದ್ದವರು ಅದನ್ನೇ ಇನ್ನೊಬ್ಬರಿಗೆ ಮಾಡಬಾರದು. ನಮ್ಮಲ್ಲಿ ಮನೆ ಮಾಲೀಕರು ಇದ್ದಾರೆ. ಬೇರೆ ಧರ್ಮದವರು, ಬೇರೆ ಭಾಷೆಯವರು, ಕೂಲಿ ಕುಟುಂಬದವರು ಬಂದರೆ ಅವರ ಬಾಯಲ್ಲಿ ಯಾವ ಉತ್ತರ ಬರುತ್ತದೆ? ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು, ಖಾಲಿ ಮಾಡುವಾಗ ಪೇಂಟಿಂಗ್ ಎಂದು ಮನಸ್ಸಿಗೆ ಬಂದಷ್ಟು ಹಿಡಿದುಕೊಳ್ಳುವುದು ಅಮಾನತ್ತಿಗೆ ಸರಿಯೇ? ಯಾರ ತೊಂದರೆಯಿಂದ ನೆರೆಯವನು ನಿರ್ಭಯನಾಗಿರುವುದಿಲ್ಲವೋ ಅವನು ವಿಶ್ವಾಸಿಯಲ್ಲ ಎಂದು ಪ್ರವಾದಿ(ಸ) ಆಣೆಯಿಟ್ಟು ಹೇಳಿದ್ದಾರೆ. ನೆರೆಯವನ ಧರ್ಮ ಯಾವುದೆಂದು ಅವರು ಕೇಳಲಿಲ್ಲ.

ಈ ನಗರ ನಮ್ಮದಲ್ಲ ಎಂಬ ಭಾವನೆ ನಮ್ಮ ಯುವಕರಲ್ಲಿ ಬರಬಾರದು. ಲಾಲ್‌ಬಾಗಿಗೆ 1760ರಲ್ಲಿ ಹೈದರ್ ಅಲಿ ಅಡಿಪಾಯ ಹಾಕಿದರು. ಅದರ ನೆರಳಿನಲ್ಲಿ ಇಂದಿಗೂ ಎಲ್ಲ ಜಾತಿ, ಧರ್ಮದವರು ನಡೆಯುತ್ತಾರೆ. 1926ರಿಂದ 1941ರ ತನಕ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಝಾ ಇಸ್ಮಾಯಿಲ್ ಇದೇ ಬೆಂಗಳೂರಿನವರು. ರಸ್ತೆ, ಉದ್ಯಾನ, ಸ್ವಚ್ಛತೆಯ ಬಗ್ಗೆ ಅವರಿಗಿದ್ದ ಕಾಳಜಿಯನ್ನು ನಾಡು ಇಂದಿಗೂ ನೆನೆಯುತ್ತದೆ. ಊರಿಗೆ ಕೊಟ್ಟವರನ್ನು ಊರು ಮರೆಯುವುದಿಲ್ಲ.

ಸಹೋದರರೇ, ಕೇಳಿ ಹೋಗುವುದಕ್ಕಾಗಿ ಮಾತ್ರ ಖುತ್ಬಾ ಅಲ್ಲ. ಮುಂದಿನ ಜುಮುಅದೊಳಗೆ ಇಷ್ಟು ಮಾಡೋಣ. ಪ್ರತಿಯೊಬ್ಬರೂ ತಮ್ಮ ಮನೆ, ಅಂಗಡಿಯ ಮುಂದೆ ನಿಂತು, ದಾರಿಗೆ ಸೇರಿದ್ದನ್ನು ದಾರಿಗೆ ಬಿಟ್ಟುಕೊಡಲಿ. ಹತ್ತಿರವಿರುವವರು ಮಸೀದಿಗೆ ನಡೆದು ಬರಲಿ. ವಾಹನ ತರುವವರಿಗೆ ಜಾಗ ತೋರಿಸಲು ನಾಲ್ಕು ಯುವಕರು ನಿಲ್ಲಲಿ. ಜಮಾಅತ್ ಕಮಿಟಿಯವರು ವುಝೂ ನಲ್ಲಿಗಳನ್ನು ಸಣ್ಣ ಧಾರೆಯವಕ್ಕೆ ಬದಲಾಯಿಸಲಿ, ವೀಲ್‌ಚೇರ್ ಏರುವಂತೆ ಬಾಗಿಲಲ್ಲಿ ಒಂದು ಇಳಿಜಾರು ಕಟ್ಟಿಸಲಿ, ಬೀದಿಯಲ್ಲಿ ಹೋಗುವವರಿಗೆ ಒಂದು ಕುಡಿಯುವ ನೀರಿನ ನಲ್ಲಿ ಹೊರಗೆ ಇಡಿಸಲಿ. ವಾರ್ಡ್ ಸಮಿತಿಯ ಸಭೆ ನಡೆದಾಗ ನಮ್ಮ ಮೊಹಲ್ಲಾದ ಇಬ್ಬರಾದರೂ ಹೋಗಿ, ನಮ್ಮ ಗಲ್ಲಿಯ ಚರಂಡಿಯ ಜೊತೆ ಪಕ್ಕದ ಗಲ್ಲಿಯ ಚರಂಡಿಯ ಬಗ್ಗೆಯೂ ಕೇಳಲಿ. ತಮ್ಮ ಪಾಲನ್ನು ಸಲ್ಲಿಸಿದವರು ಪಾಲಿಕೆಯ ಮುಂದೆ ತಲೆ ಎತ್ತಿ ಮಾತಾಡಬಹುದು.

ಅಂತ್ಯದಿನದ ಗಾಳಿ ಬೀಸುತ್ತಿದ್ದರೂ ಕೈಯಲ್ಲೊಂದು ಸಸಿ ಇದ್ದರೆ ನೆಟ್ಟುಬಿಡಿ ಎಂದು ಕಲಿಸಿದ ಪ್ರವಾದಿ(ಸ)ರ ಉಮ್ಮತಿನವರು ನಾವು. ಊರು ಕೆಟ್ಟಿತು ಎಂದು ಕೈಕಟ್ಟಿ ಕೂರುವ ಅನುಮತಿ ನಮಗಿಲ್ಲ.

ಯಾ ಅಲ್ಲಾಹ್, ನಮ್ಮ ಈ ಊರನ್ನು ಶಾಂತಿಯ, ಸಮೃದ್ಧಿಯ ಊರನ್ನಾಗಿ ಮಾಡು. ನಮ್ಮ ಕೈ, ನಾಲಗೆಗಳಿಂದ ನೆರೆಯವರಿಗೆ ತೊಂದರೆಯಾಗದಂತೆ ಕಾಪಾಡು. ಕಾಲಕಾಲಕ್ಕೆ ಮಳೆ ಸುರಿಸು, ಅದನ್ನು ಉಳಿಸಿಕೊಳ್ಳುವ ಬುದ್ಧಿ ಕೊಡು. ಈ ಊರಿನಲ್ಲಿ ನಡೆಯುವ ಮುದುಕರು, ಮಕ್ಕಳು, ಕಣ್ಣಿಲ್ಲದವರು, ಕಾಲಿಲ್ಲದವರು ಎಲ್ಲರಿಗೂ ದಾರಿ ಸುಗಮಗೊಳಿಸು. ಆಮೀನ್.